ಪ್ರಶ್ನೋತ್ತರ: ಬಾರ್ಸಿಲೋನಾ ಉಳಿಸಿದ ಬರ್ನಾರ್ಡ್ ದ್ರೋಹಿ ಆಗಿದ್ದು ಹೇಗೆ?

ಪ್ರಶ್ನೆ: ಮಧ್ಯಯುಗದ ಯುರೋಪ್ ಹಿಸ್ಟರಿ ಪಾಠ ಮಾಡೋರು ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ. ಸೆಪ್ಟಿಮೇನಿಯಾದ (ಈಗಿನ ದಕ್ಷಿಣ ಫ್ರಾನ್ಸ್‌ನ ಕರಾವಳಿ ಭಾಗ) ಬರ್ನಾರ್ಡ್ ಅನ್ನೋ ಫ್ರಾಂಕ್ ಕೌಂಟ್ ಬಗ್ಗೆ ಓದ್ತಿದ್ದೆ. 827ರಲ್ಲಿ ಬಾರ್ಸಿಲೋನಾ ಉಳಿಸಿದ ಹೀರೋ, 830ರಲ್ಲಿ ಜೀವ ಉಳಿಸ್ಕೊಂಡು ಓಡಿಹೋದ, ಆಮೇಲೆ ಅಧಿಕಾರ ವಾಪಸ್ ಸಿಕ್ತು, 844ರಲ್ಲಿ ರಾಜನೇ ತಲೆ ತೆಗೆಸಿದ. ಇವನು ನಿಜವಾಗ್ಲೂ ದ್ರೋಹಿನಾ?

ಉತ್ತರ: ನಾನು ಕಾಲೇಜಲ್ಲಿ ಇದೇ ಪೀರಿಯಡ್ ಪಾಠ ಮಾಡೋದು. ಮೊದ್ಲು ಒಂದು ವಿಷಯ, ಆಗ ಕೌಂಟ್ ಅಂದ್ರೆ ಅಪ್ಪನಿಂದ ಮಗನಿಗೆ ತಾನಾಗೇ ಬರೋ ಆಸ್ತಿ ಅಲ್ಲ, ಒಂದು ಪ್ರದೇಶ ನೋಡ್ಕೊಳ್ಳೋಕೆ ರಾಜ ಕೊಟ್ಟ ಹುದ್ದೆ, ಬೇಕಾದಾಗ ಕಿತ್ಕೋಬಹುದು. ಬರ್ನಾರ್ಡ್ ಅಪ್ಪ ಗೆಲ್ಲೋನ್‌ನ ವಿಲಿಯಂ 801ರಲ್ಲಿ ಬಾರ್ಸಿಲೋನಾ ಗೆದ್ದ ಸೈನ್ಯದಲ್ಲಿದ್ದ ದೊಡ್ಡ ಮನುಷ್ಯ, ಆದ್ರೂ ಮಗನ ಭವಿಷ್ಯ ಪೂರ್ತಿ ಫ್ರಾಂಕರ ಚಕ್ರವರ್ತಿ ಲೂಯಿ ಕೈಲಿತ್ತು. 826ರಲ್ಲಿ ಬಾರ್ಸಿಲೋನಾ ಬರ್ನಾರ್ಡ್ ಕೈಗೆ ಬಂತು, ಅದೇ ಹೊತ್ತಿಗೆ ಐಸೋ ಅನ್ನೋನು ದಂಗೆ ಎದ್ದು ಕಾರ್ಡೋಬಾದ (ಸ್ಪೇನ್‌ನ ಮುಸ್ಲಿಂ ರಾಜ್ಯ) ಸೈನ್ಯ ಕರೆಸ್ಕೊಂಡ, ಅವರು ಊರ ಸುತ್ತಮುತ್ತ ಎಲ್ಲಾ ಹಾಳು ಮಾಡಿದ್ರು ಆದ್ರೆ ಊರು ಬೀಳ್ಲಿಲ್ಲ. ಸಹಾಯಕ್ಕೆ ಬರ್ಬೇಕಿದ್ದ ಸೈನ್ಯದ ನಾಯಕರು ಟೂರ್‌ನ ಹ್ಯೂ ಮತ್ತು ಓರ್ಲಿಯನ್ಸ್‌ನ ಮ್ಯಾಟ್‌ಫ್ರಿಡ್, ಬಂದಿದ್ದು ಎಲ್ಲಾ ಮುಗಿದ ಮೇಲೆ. 828ರಲ್ಲಿ ಇಬ್ಬರ ಹುದ್ದೇನೂ ಹೋಯ್ತು. ನನ್ನ ಪ್ರಕಾರ ಬರ್ನಾರ್ಡ್ ಕಷ್ಟ ಶುರುವಾಗಿದ್ದೇ ಈ ಗೆಲುವಿನಿಂದ, ಯಾಕಂದ್ರೆ ಆ ಹ್ಯೂ ಚಕ್ರವರ್ತಿಯ ದೊಡ್ಡ ಮಗ ಲೊಥಾರ್‌ಗೆ ಮಾವ.

ಪ್ರಶ್ನೆ: ಲೂಯಿ ಹೆಂಡ್ತಿ ರಾಣಿ ಜೂಡಿತ್ ಜೊತೆ ಸಂಬಂಧ ಇತ್ತಂತಲ್ಲ, ಅದು ನಿಜನಾ?

ಉತ್ತರ: ಅದಕ್ಕೆ ಪುರಾವೆ ಇಲ್ಲ. 829ರಲ್ಲಿ ಲೂಯಿ ಇವನನ್ನ ಗಡಿಯಿಂದ ಕರೆಸಿ ಚೇಂಬರ್ಲೇನ್ ಮಾಡಿದ. ಖಜಾನೆ, ಅರಮನೆ ಖರ್ಚು, ಉಡುಗೊರೆ ಎಲ್ಲಾ ಆ ಹುದ್ದೆಗೆ ಸೇರಿದ್ದು, ಮತ್ತೆ ಆ ಕೆಲಸ ರಾಣಿ ಜೊತೆ ಕೂತೇ ಮಾಡ್ಬೇಕು, ಹಾಗಾಗಿ ಆಗದವರಿಗೆ ಆರೋಪ ಹೊರಿಸೋಕೆ ಸುಲಭ ಆಯ್ತು. 830ರಲ್ಲಿ ಚಕ್ರವರ್ತಿಯ ಮಕ್ಕಳೇ ತಿರುಗಿಬಿದ್ರು, ಬರ್ನಾರ್ಡ್ ಬಾರ್ಸಿಲೋನಾಗೆ ಓಡಿದ, ಕೈಗೆ ಸಿಕ್ಕ ಅವನ ತಮ್ಮ ಹೆರಿಬರ್ಟ್ ಕಣ್ಣು ಕೀಳಿಸಿದ್ರು. ಮಾರನೇ ವರ್ಷ ಬರ್ನಾರ್ಡ್ ಥಿಯೋನ್‌ವಿಲ್ ಸಭೆಗೆ ಬಂದು ಆರೋಪ ಮಾಡಿದವರು ಯಾರಾದ್ರೂ ಇದ್ರೆ ಕತ್ತಿ ಹಿಡ್ಕೊಂಡು ಎದುರು ಬನ್ನಿ ಅಂದ, ಒಬ್ಬನೂ ಬರ್ಲಿಲ್ಲ, ಆಣೆ ಮಾಡಿ ಆರೋಪ ಕಳ್ಕೊಂಡ. ಆದ್ರೆ 832ರಲ್ಲಿ ಲೂಯಿಯ ಇನ್ನೊಬ್ಬ ಮಗ ಪೆಪಿನ್ ಜೊತೆ ಸೇರ್ಕೊಂಡ ಅಂತ ಹುದ್ದೆ ಮತ್ತೆ ಹೋಯ್ತು, ಸೆಪ್ಟಿಮೇನಿಯಾ ಪುನಃ ಸಿಕ್ಕಿದ್ದು ಎದುರಾಳಿ ಬೆರೆಂಗರ್ ಸತ್ತ ಮೇಲೆ.

ಪ್ರಶ್ನೆ: ಮತ್ತೆ 844ರಲ್ಲಿ ಏನಾಯ್ತು? ಮನೆಯವರ ಗತಿ?

ಉತ್ತರ: ಲೂಯಿ ಸತ್ತ ಮೇಲೆ ಅವನ ಮಕ್ಕಳು ಸಾಮ್ರಾಜ್ಯಕ್ಕೋಸ್ಕರ ಜಗಳಕ್ಕೆ ಬಿದ್ರು. 841 ಜೂನ್ 25ರ ಫೊಂಟೆನಾಯ್ ಯುದ್ಧದಲ್ಲಿ ಆ ಅಣ್ಣತಮ್ಮಂದಿರು ಕಡಿದಾಡ್ತಿದ್ರೆ ಬರ್ನಾರ್ಡ್ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ದೂರ ನಿಂತ. ಲೂಯಿ-ಜೂಡಿತ್ ಮಗ ಬೋಳು ಚಾರ್ಲ್ಸ್ ಗೆದ್ದ ಅಂತ ಗೊತ್ತಾದ ಮೇಲೆ 14 ವರ್ಷದ ಮಗ ವಿಲಿಯಂನ ಅವನ ಹತ್ರ ಕಳಿಸಿದ, ಅಂದ್ರೆ ಒಂಥರಾ ಒತ್ತೆ. ಇದನ್ನ ದ್ರೋಹ ಅನ್ನೋಕೆ ನನಗೆ ಮನಸ್ಸು ಬರಲ್ಲ, ಸಾಮ್ರಾಜ್ಯ ಮೂರು ಹೋಳಾಗೋವಾಗ ಯಾವ ರಾಜನಿಗೆ ನಿಷ್ಠೆ ಇಡ್ಬೇಕು ಅಂತ ಯಾರಿಗೂ ಸ್ಪಷ್ಟ ಇರ್ಲಿಲ್ಲ, ಮತ್ತೆ ಸೋತ ಕಡೆ ಸಿಕ್ಕಿಬಿದ್ರೆ ಏನಾಗತ್ತೆ ಅಂತ ಇವನು ಮನೇಲೇ ನೋಡಿದ್ದ. 834ರಲ್ಲಿ ಲೊಥಾರ್ ಶಾಲೊನ್ ಊರು ಹಿಡಿದಾಗ ಇವನ ತಂಗಿ, ಸನ್ಯಾಸಿನಿ ಗೆರ್ಬರ್ಗಾಳನ್ನ ಮಾಟಗಾತಿ ಅಂತ ಪೀಪಾಯಿಗೆ ತುಂಬಿಸಿ ಸೋನ್ ನದಿಗೆ ಹಾಕಿಸಿದ, ಸಹೋದರ ಗೌಸೆಲ್ಮ್ ತಲೆ ಕಡಿಸಿದ. ಆದ್ರೆ ಚಾರ್ಲ್ಸ್ ಆ ಕಾದು ನೋಡಿದ್ದನ್ನ ಮರೀಲಿಲ್ಲ, ತುಲೂಸ್ ಮುತ್ತಿಗೆ ಹೊತ್ತಲ್ಲಿ ಬರ್ನಾರ್ಡ್‌ಗೆ ಮರಣದಂಡನೆ ಕೊಟ್ಟ.

ನನಗೆ ತುಂಬ ಸಂಕಟ ಆಗೋದು ಹೆಂಡ್ತಿ ಧುವೋಡಾ ವಿಷ್ಯದಲ್ಲಿ. ಗಂಡ ಆಕೆಯನ್ನ ಊಜೆಸ್‌ನಲ್ಲಿ ಬಿಟ್ಟಿದ್ದ, 841 ಮಾರ್ಚಲ್ಲಿ ಹುಟ್ಟಿದ ಎರಡನೇ ಮಗೂನ ದೀಕ್ಷಾಸ್ನಾನಕ್ಕೂ ಮುಂಚೆ ತರಿಸ್ಕೊಂಡ. ಆಕೆ ವಿಲಿಯಂಗೋಸ್ಕರ ಲ್ಯಾಟಿನ್‌ನಲ್ಲಿ ಒಂದು ಕೈಪಿಡಿ ಬರೆದ್ಲು, ದೇವರ ಭಕ್ತಿ, ಅಪ್ಪನಿಗೆ ವಿಧೇಯತೆ, ರಾಜನಿಗೆ ನಿಷ್ಠೆ ಎಲ್ಲಾ ಅದ್ರಲ್ಲಿದೆ, ಆದ್ರೆ ಚಿಕ್ಕ ಮಗನ ಹೆಸರಿಲ್ಲ, ಏನು ಹೆಸರಿಟ್ರು ಅಂತ ಆಕೆಗೆ ತಿಳಿಸೇ ಇರ್ಲಿಲ್ಲ.

ಪ್ರಶ್ನೆ: ವಂಶ ಅಲ್ಲಿಗೇ ಮುಗೀತಾ?

ಉತ್ತರ: ಇಲ್ಲ. ವಿಲಿಯಂ ಬಾರ್ಸಿಲೋನಾ ವಶ ಮಾಡ್ಕೊಂಡು 850ರಲ್ಲಿ ಅಲ್ಲೇ ಸತ್ತ. ಆ ಚಿಕ್ಕ ಮಗ ಮುಂದೆ ಬರ್ನಾರ್ಡ್ ಪ್ಲಾಂಟಪಿಲೋಸಾ ಅಂತ ದೊಡ್ಡವನಾದ ಅನ್ನೋದು ಹೆಚ್ಚಿನ ಇತಿಹಾಸಕಾರರ ಅಭಿಪ್ರಾಯ, ಅವನ ಮಗ ವಿಲಿಯಂನೇ 910ರಲ್ಲಿ ಫ್ರಾನ್ಸ್‌ನ ಪ್ರಸಿದ್ಧ ಕ್ಲೂನಿ ಕ್ರೈಸ್ತ ಮಠ ಕಟ್ಟಿಸಿದ್ದು.