ಕೊಕ್ಕೋ ಕಾಯಿ ತೂತು: ಕೆಂಜಳಿಲೋ, ಇಲಿಯೋ?

ತೋಟದಂಚು, ಅಡೂರು: ಕಾಡಿಗೆ ತಾಗಿದ ಕಂಗಿನ (ಅಡಿಕೆ) ತೋಟ, ನಡುವೆ ಕೊಕ್ಕೋ. ಕಾಯಿ ಹಳದಿಯಾಗುತ್ತಿದ್ದಂತೆ ತೂತು. ತೆಂಗಿಗೆ ತಗಡು ಸುತ್ತಿದರೂ ಬೊಂಡ ಬೀಳುತ್ತದೆ. ಇದು ಕೆಂಜಳಿಲಿನ, ಅಂದರೆ ಕಾಡಿನ ದೊಡ್ಡ ಕೆಂಪು ಅಳಿಲಿನ, ಕೆಲಸವೇ?

ಕಂಗುಕೃಷಿ: ಮೊದಲು ತೂತು ಎಲ್ಲಿದೆ ನೋಡಿ. ತೊಟ್ಟಿನ ಹತ್ತಿರ ಕೊರೆದಿದ್ದರೆ ಇಲಿ, ಕಾಯಿಯ ನಡುವಿನಲ್ಲಿದ್ದರೆ ಅಳಿಲು. ಅಳಿಲೆಂದರೂ ಹೆಚ್ಚಾಗಿ ಬೆನ್ನಿಗೆ ಮೂರು ಗೆರೆ ಇರುವ ಸಣ್ಣದು. ಎರಡಕ್ಕೂ ಬೇಕಾದ್ದು ಬೀಜದ ಸುತ್ತಲಿನ ಬಿಳಿ ಲೋಳೆ.

ಗುಡ್ಡೆಮೂಲೆ: ಹೊತ್ತನ್ನೂ ನೋಡಿ ಮಾರಾಯ್ರೆ. ರಾತ್ರಿ ಬಿದ್ದದ್ದನ್ನು ಕೆಂಜಳಿಲಿನ ಲೆಕ್ಕಕ್ಕೆ ಬರೆಯಬೇಡಿ, ಅದು ಹಗಲು ತಿರುಗುವ ಪ್ರಾಣಿ. ಕೊಂಬೆಗೆ ಅಡ್ಡಲಾಗಿ ಕೂತು, ಉದ್ದ ಬಾಲವನ್ನು ಆಚೆ ತೂಕಕ್ಕೆ ಇಳಿಬಿಟ್ಟು, ಎರಡೂ ಕೈಯಲ್ಲಿ ಕಾಯಿ ಹಿಡಿದು ತಿನ್ನುತ್ತದೆ. ಬೆಳಿಗ್ಗೆ ಅರ್ಧ ಗಂಟೆ ಮರದ ಮೇಲೆ ಕಣ್ಣಿಟ್ಟರೆ ಸಾಕು, ವಾದವೇ ಬೇಡ.

ಕಂಗುಕೃಷಿ: ತಗಡಿನ ವಿಷಯ. ನೆಲದಿಂದ 2 ಮೀಟರ್ ಎತ್ತರದಲ್ಲಿ 40 ಸೆಂ.ಮೀ. ಅಗಲದ ಪಟ್ಟಿ ತಡೆಯುವುದು ಕೆಳಗಿನಿಂದ ಹತ್ತುವ ಇಲಿಯನ್ನು. ಸೋಗೆಗೆ ಸೋಗೆ ತಾಗಿದ್ದರೆ ಇಲಿಗೂ ಅದು ಲೆಕ್ಕಕ್ಕಿಲ್ಲ. ಕೆಂಜಳಿಲಂತೂ 6 ಮೀಟರ್ ಹಾರುತ್ತದೆ, ನೆಲಕ್ಕೆ ಇಳಿಯುವುದೇ ಅಪರೂಪ.

ಪೆರ್ಲದ ಓದುಗ: ಹಾಗಾದರೆ ಕೊಬ್ಬರಿ ತುಂಡು ಇಟ್ಟು ಬೋನು ಹಾಕಿದರಾಯಿತು.

ಗುಡ್ಡೆಮೂಲೆ: ಬೋನಿನ ಸಲಹೆ ಇರುವುದು ಸಣ್ಣ ಅಳಿಲಿಗೆ. ಕೆಂಜಳಿಲಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಹಿಡಿದರೆ ಕೇಸು.

ತೋಟದಂಚು, ಅಡೂರು: ಇಲಿಗೆ ಬ್ರೋಮಾಡಿಯೋಲೋನ್ ವಿಷದ ಬಿಲ್ಲೆ ಇಡಬಹುದೇ?

ಕಂಗುಕೃಷಿ: 0.005 ಶೇಕಡಾದ್ದು, 10 ಗ್ರಾಂ ಬಿಲ್ಲೆ, ಕೊಕ್ಕೋ ಕೊಂಬೆಯ ಮೇಲೆ. 10–12 ದಿನ ಬಿಟ್ಟು ಇನ್ನೊಮ್ಮೆ.

ಗುಡ್ಡೆಮೂಲೆ: ಇಲ್ಲೇ ನನ್ನ ತಕರಾರು. ಕೊಂಬೆಯ ಮೇಲಿನ ಬಿಲ್ಲೆ ಹಗಲಲ್ಲೂ ಅಲ್ಲೇ ಇದ್ದರೆ ಅಳಿಲಿಗೂ ಸಿಗುತ್ತದೆ. ವಿಷ ತಿಂದ ಇಲಿಯನ್ನು ಗೂಬೆ ಹಿಡಿದರೆ ಗೂಬೆಗೂ ಅಪಾಯ, ಆಮೇಲೆ ಇಲಿ ಹಿಡಿಯುವವರು ಯಾರು?

ಕಂಗುಕೃಷಿ: ಒಪ್ಪುತ್ತೇನೆ. ಕಾಡಂಚಿನ ಸಾಲಿನಲ್ಲಿ ಬಿಲ್ಲೆ ಬೇಡ. ಅಲ್ಲಿ 10–15 ದಿನಕ್ಕೊಮ್ಮೆ ತಪ್ಪದೆ ಕೊಯ್ಯಿರಿ. ಹಣ್ಣಾದ ಕಾಯಿ ಮರದಲ್ಲಿ ಉಳಿದಷ್ಟೂ ಕರೆದಂತೆ. ಉಳಿದ ಕಾಯಿಗೆ ತೂತು ಹೊಡೆದ ಪ್ಲಾಸ್ಟಿಕ್ ಚೀಲ ಕಟ್ಟಿ. ತೂತು ಮರೆತರೆ ಒಳಗೆ ನೀರು ನಿಂತು ಕಾಯಿ ಕೊಳೆಯುತ್ತದೆ.

ಪೆರ್ಲದ ಓದುಗ: ಆದರೂ ನಮ್ಮ ಕಡೆ ಒಂದೇ ಗುಡ್ಡೆಯಲ್ಲಿ ಕೆಂಜಳಿಲಿನ ಐದಾರು ಗೂಡು ಕಾಣುತ್ತದಲ್ಲ, ಸಂಖ್ಯೆ ಹೆಚ್ಚಿಲ್ಲವೇ?

ಗುಡ್ಡೆಮೂಲೆ: ಒಂದೇ ಕೆಂಜಳಿಲು ಹಲವು ಗೂಡು ಕಟ್ಟುತ್ತದೆ. ಗೂಡು ಎಣಿಸಬೇಡಿ, ಪ್ರಾಣಿ ಎಣಿಸಿ.