ಮೂರು ಕ್ಯಾಡ್ (ಕಂಪ್ಯೂಟರ್‌ನಲ್ಲಿ ಡಿಸೈನ್ ಮಾಡುವ) ಸಾಫ್ಟ್‌ವೇರ್ ಒಂದಕ್ಕೆ ತರೋದು ಹೇಗೆ ಮಾರಾಯ್ರೆ?

ಬೈಕಂಪಾಡಿ_ಶಾಪ್: ನಮ್ದು ಸಣ್ಣ ಪಂಪ್ ಪಾರ್ಟ್ಸ್ ಶಾಪ್, ಹಳೇ ಡ್ರಾಯಿಂಗೆಲ್ಲ ಆಟೋಕ್ಯಾಡ್‌ನಲ್ಲಿ ಉಂಟು, ಹೊಸ ಹುಡುಗ್ರದ್ದು ಸಾಲಿಡ್‌ವರ್ಕ್ಸ್, ಕಸ್ಟಮರ್ ಕಳ್ಸೋದು ಕ್ರಿಯೋ. ಮೊನ್ನೆ ಸ್ಟೆಪ್ ಫೈಲಲ್ಲಿ (ಒಂದು ಕ್ಯಾಡ್‌ನಿಂದ ಇನ್ನೊಂದಕ್ಕೆ ಮಾಡೆಲ್ ಕಳ್ಸುವ ಫಾರ್ಮ್ಯಾಟ್) ಬಂದ ಫ್ಲ್ಯಾಂಜ್‌ನ (ಪೈಪ್ ಜೋಡಿಸುವ ಬಳೆ) ಬೋಲ್ಟ್ ತೂತು 14 ಇದ್ದದ್ದನ್ನು 16 ಮಾಡುವ ಅಂತ ನೋಡಿದ್ರೆ ಫೀಚರ್ ಟ್ರೀಯಲ್ಲಿ (ಮಾಡೆಲ್ ಮಾಡಿದ ಹಂತಗಳ ಪಟ್ಟಿ) ಎಂತದೂ ಇಲ್ಲ, ಬರೀ ‘ಇಂಪೋರ್ಟೆಡ್’. ಎಲ್ಲ ಕನ್ವರ್ಟ್ ಮಾಡ್ಬೇಕಾ?

ಮಣಿಪಾಲ_ಡಿಸೈನ್: ಸ್ಟೆಪ್‌ನಲ್ಲಿ ಆಕಾರ ಬರ್ತದೆ, ಹಿಸ್ಟರಿ ಬರೂದಿಲ್ಲ. ಸ್ಟೆಪ್‌ನ ಎಪಿ242 ಅನ್ನುವ ಬಗೆ ಆದ್ರೆ ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ಹೆಚ್ಚುಕಮ್ಮಿ ಆಗ್ಬಹುದು ಅಂತ) ಕೂಡ ತರ್ಬಹುದು, ಅಷ್ಟೇ. ಎಲ್ಲ ಕನ್ವರ್ಟ್ ಮಾಡ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ, ರಿಪೀಟ್ ಆರ್ಡರ್ ಇರೋದನ್ನ ಮಾತ್ರ ಹೊಸ್ತಾಗಿ ಮಾಡೆಲ್ ಮಾಡಿ, ಉಳಿದದ್ದು ಪಿಡಿಎಫ್ ಜೊತೆ ಹಾಗೇ ಇರ್ಲಿ.

ಕಾಪು_ಸಿಎನ್‌ಸಿ: ಕ್ರಿಯೋ ಸೀಟ್ (ಲೈಸೆನ್ಸ್) ಒಂದು ಇಟ್ಕೊಳ್ಳಿ. ಅದಕ್ಕಿಂತ ಮೊದ್ಲು ಫೈಲ್ ಹೆಸ್ರು, ರಿವಿಷನ್ ಸರಿ ಮಾಡಿ, ನಮ್ಮಲ್ಲಿ ‘ಫೈನಲ್’, ‘ಫೈನಲ್2’, ‘ಫೈನಲ್ ನಿಜ’ ಮೂರೂ ಇತ್ತು, ಮಿಷಿನ್‌ಗೆ ಹೋದದ್ದು ಮಧ್ಯದ್ದು.

ಬೈಕಂಪಾಡಿ_ಶಾಪ್: ನಮ್ಮಲ್ಲಿ ‘ಫೈನಲ್5’ ಉಂಟು 😂