ವಿಆರ್‌ನಲ್ಲಿ ಪಾಪೆ ಹಿಗ್ಗೋದು ಭಯಕ್ಕಾ, ಕತ್ತಲಿಗಾ?

ಪ್ರಶ್ನೆ: ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಹಾಕಿ ನೋಡೋ 360 ಡಿಗ್ರಿ ವಿಡಿಯೊದಲ್ಲಿ ಭಯದ ದೃಶ್ಯ ಬಂದಾಗ ಕಣ್ಣಿನ ಪಾಪೆ ಹಿಗ್ಗುತ್ತಿದೆ. ಇದನ್ನು ಭಾವನೆಯ ಅಳತೆ ಅಂತ ತಗೋಬಹುದಾ? ಗಮನ ಎಲ್ಲಿದೆ ಅನ್ನೋಕೆ ತಲೆಯ ದಿಕ್ಕು ಸಾಕಾ?

ಉತ್ತರ 1: ಹಾಗೇ ತಗೋಬೇಡಿ. ಭಯದ ದೃಶ್ಯ ಬಹುಪಾಲು ಕತ್ತಲೇ. ಪಾಪೆ ಮೊದಲು ಸ್ಪಂದಿಸೋದು ಬೆಳಕಿಗೆ. ಅಷ್ಟೇ ಹೊಳಪಿನ ತಟಸ್ಥ ದೃಶ್ಯದ ಜೊತೆ ಹೋಲಿಸಿ. ಇಡೀ ಫ್ರೇಮಿನ ಸರಾಸರಿ ಸಾಲದು, ನೋಟ ಬಿದ್ದ ಜಾಗದ ಹೊಳಪನ್ನೂ ಲೆಕ್ಕ ಹಾಕಿ. ಪ್ರತಿ ದೃಶ್ಯಕ್ಕೂ ಮುಂಚೆ ಬೂದು ಪರದೆ ಇಟ್ಟು, ಅದರ ಕೊನೆಯ ಅರ್ಧ ಸೆಕೆಂಡಿನ ಸರಾಸರಿ ಪಾಪೆ ಗಾತ್ರವನ್ನು ದೃಶ್ಯದ ವೇಳೆಯ ಗಾತ್ರದಿಂದ ಕಳೆಯಿರಿ. ರೆಪ್ಪೆ ಬಡಿದ ಕಡೆ ಹಿಂದೆಮುಂದೆ 100 ಮಿಲಿಸೆಕೆಂಡಿನ ಅಳತೆಯನ್ನೂ ಕತ್ತರಿಸಿ.

ಉತ್ತರ 2: ತಲೆ ಸಾಲದು. ತಲೆ ಅಲ್ಲಾಡಿಸದೆಯೇ ಕಣ್ಣು 15 ಡಿಗ್ರಿ ಆಚೆ ಹೋಗುತ್ತೆ. ಹೆಡ್‌ಸೆಟ್ ಜಾರಿದ್ರೆ ಕ್ಯಾಲಿಬ್ರೇಶನ್ನೂ (ನೋಟದ ಅಳತೆ ಸರಿಯಾಗಿ ಬರೋಕೆ ಮಾಡಿದ ಹೊಂದಾಣಿಕೆ) ಹಾಳು, ನಡುನಡುವೆ ಪರೀಕ್ಷಿಸಿ.

ಉತ್ತರ 3: ಇನ್ನೊಂದು, ಪಾಪೆ ಹೇಳೋದು ಉದ್ರೇಕದ, ಅಂದ್ರೆ ಮನಸ್ಸು ಎಷ್ಟು ಕೆರಳಿದೆ ಅನ್ನೋದರ, ತೀವ್ರತೆ ಮಾತ್ರ. ಖುಷಿಯೋ ಭಯವೋ ತಿಳಿಯೋಕೆ 1ರಿಂದ 9ರ ಮಾಪಕದಲ್ಲಿ ನೋಡುಗರನ್ನೇ ಕೇಳಿ.